ಭಾವನ ಬೇಸ್‌ಮೆಂಟಿನ ದಾಳಗಳು

ಕಳೆದ ವರ್ಷ ಮೂರು ತಿಂಗಳ ಆನ್‌ಸೈಟ್ ಕೆಲಸಕ್ಕೆ ನ್ಯೂಜೆರ್ಸಿಗೆ ಹೋಗಿದ್ದೆ. ಹೋಟೆಲ್ ಯಾಕೆ, ನಮ್ಮನೇಲೇ ಇರು ಅಂತ ಅಕ್ಕ ಹಟ ಹಿಡಿದಳು. ಮೊದಲನೇ ರಾತ್ರಿ ಜೆಟ್ ಲ್ಯಾಗ್‌ಗೆ ಎರಡು ಗಂಟೆಗೇ ಎಚ್ಚರ ಆಯ್ತು. ಕೆಳಗಿನಿಂದ ಟಕ್‌ಟಕ್ ಅಂತ ಸದ್ದು. ಸ್ವಲ್ಪ ಹೊತ್ತು ನಿಲ್ಲುತ್ತೆ, ಮತ್ತೆ ಟಕ್‌ಟಕ್. ಬೆಳಿಗ್ಗೆ ಕಾಫಿ ಕುಡೀತಾ, "ಮನೇಲಿ ಇಲಿ ಇದೆಯೇನೇ ಅಕ್ಕ?" ಅಂದೆ.

"ಇಲಿ ಅಲ್ಲ, ನಿಮ್ಮ ಭಾವ" ಅಂದಳು. ನಗಲಿಲ್ಲ.

ಬೇಸ್‌ಮೆಂಟಿಗೆ ಇಳಿದು ನೋಡಿದರೆ ಪ್ಲೈವುಡ್‌ನಲ್ಲಿ ಮಾಡಿದ ಉದ್ದನೆಯ ಮೇಜು. ಮೇಲೆ ಹಸಿರು ಬಟ್ಟೆ. ಒಂದು ತುದಿಯಲ್ಲಿ ಸಣ್ಣ ಸಣ್ಣ ಪಿರಮಿಡ್ ಆಕಾರದ ಉಬ್ಬುಗಳಿರೋ ರಬ್ಬರ್ ಗೋಡೆ. ಪಕ್ಕದಲ್ಲಿ ಲ್ಯಾಪ್‌ಟಾಪ್, ಅದರಲ್ಲಿ ಎಕ್ಸೆಲ್ ಶೀಟ್. ಕೂಪನ್ ಇಲ್ಲದೆ ಪಿಜ್ಜಾ ತರಿಸದ ನಮ್ಮ ಭಾವ, ಹದಿನೈದು ವರ್ಷದಿಂದ ಡೇಟಾಬೇಸ್ ಕೆಲಸ ಮಾಡಿಕೊಂಡು ಬಂದಿರೋ ಶಿಸ್ತಿನ ಮನುಷ್ಯ, ಅಲ್ಲಿ ದಾಳ ಎಸೆಯೋದನ್ನು ಅಭ್ಯಾಸ ಮಾಡ್ತಾ ಇದ್ದರು.

ಆಟದ ಹೆಸರು ಕ್ರಾಪ್ಸ್. ಹಾಲಿವುಡ್ ಸಿನಿಮಾದಲ್ಲಿ ನೋಡಿರ್ತೀರಿ, ಜನ ಸುತ್ತ ನಿಂತು ಕಿರುಚಾಡ್ತಾರಲ್ಲ, ಅದೇ. ಎರಡು ದಾಳ. ಎಸೆಯೋನು ಶೂಟರ್. ಅವನ ಮೊದಲ ಎಸೆತಕ್ಕೆ ಕಮ್‌ಔಟ್ ಅಂತ ಹೆಸರು. ಅದರಲ್ಲಿ 7 ಅಥವಾ 11 ಬಿದ್ದರೆ ಪಾಸ್ ಲೈನ್ ಮೇಲೆ ದುಡ್ಡು ಇಟ್ಟವರು ಗೆದ್ದರು. 2, 3, 12 ಬಿದ್ದರೆ ಸೋತರು. ಉಳಿದ ಯಾವ ಸಂಖ್ಯೆ ಬಿದ್ದರೂ ಅದು 'ಪಾಯಿಂಟ್' ಆಗುತ್ತೆ. ಆಮೇಲೆ 7 ಬೀಳೋ ಮೊದಲು ಆ ಪಾಯಿಂಟ್ ಇನ್ನೊಂದು ಸಲ ಬೀಳಬೇಕು. 7 ಮೊದಲು ಬಿತ್ತೋ, ಅದೇ ಸೆವೆನ್ ಔಟ್. ಶೂಟರ್ ದಾಳವನ್ನು ಪಕ್ಕದವನಿಗೆ ಬಿಟ್ಟುಕೊಡಬೇಕು.

ಅಂದರೆ ಮೊದಲ ಎಸೆತದಲ್ಲಿ ದೇವರಾಗಿದ್ದ ಏಳು, ಮುಂದಿನ ಎಸೆತದಿಂದ ದೆವ್ವ. ಆ ಮೇಜಿನ ಹತ್ತಿರ 'ಸೆವೆನ್' ಅಂತ ಬಾಯಿಬಿಟ್ಟು ಹೇಳೋದೂ ಅಪಶಕುನ, 'ಬಿಗ್ ರೆಡ್' ಅಂತಾರೆ. ನಮ್ಮ ಅಜ್ಜಿ ರಾತ್ರಿ ಹೊತ್ತು ಹಾವಿನ ಹೆಸರು ಎತ್ತದೆ 'ಹುಳ' ಅಂತಿದ್ದ ಹಾಗೇ. ಹನ್ನೊಂದಕ್ಕೆ 'ಯೋ' ಅಂತಾರೆ, ಯಾಕಂದ್ರೆ ಗಲಾಟೆಯಲ್ಲಿ ಇಲೆವೆನ್ ಅನ್ನೋದು ಸೆವೆನ್ ಅಂತ ಕೇಳಿಸುತ್ತೆ. ಎರಡೂ ದಾಳದಲ್ಲಿ ಒಂದೇ ಸಂಖ್ಯೆ ಬಂದು 4, 6, 8 ಅಥವಾ 10 ಆದರೆ ಅದು ಹಾರ್ಡ್‌ವೇ.

ಎರಡು ದಾಳಕ್ಕೆ 36 ಸಾಧ್ಯತೆ, ಅದರಲ್ಲಿ 6 ಸಲ ಏಳು. ಆರು ಎಸೆತಕ್ಕೆ ಒಂದು ಏಳು. ಇಡೀ ಆಟ ನಿಂತಿರೋದು ಇದರ ಮೇಲೆ. ಪಾಸ್ ಲೈನ್‌ನಲ್ಲಿ ಕ್ಯಾಸಿನೊದವರ ಲಾಭ ನೂರು ಡಾಲರ್‌ಗೆ 1.41 ಡಾಲರ್ ಮಾತ್ರ. "ಇಷ್ಟು ಕಡಿಮೆ ಇರುವಾಗ, ಏಳು ಬೀಳೋದನ್ನು ಒಂಚೂರು ತಗ್ಗಿಸಿದ್ರೂ ಸಾಕಲ್ಲಯ್ಯ, ನಾವು ಮೇಲೆ ಬರ್ತೀವಿ" ಅಂದರು ಭಾವ. ಲೆಕ್ಕ ಸರಿಯೇ. ಪ್ರಶ್ನೆ ಇರೋದು ಆ ಒಂಚೂರಿನಲ್ಲಿ.

ವಾರಾಂತ್ಯದ ಕ್ಲಾಸಿಗೆ ಸಾವಿರ ಡಾಲರ್‌ಗಿಂತ ಹೆಚ್ಚು ಕೊಟ್ಟು ಕಲಿತಿದ್ದರಂತೆ. ನನಗೆ ಒಂದೊಂದಾಗಿ ತೋರಿಸಿದರು. ಮೊದಲು 'ಸೆಟ್', ಅಂದರೆ ಎಸೆಯೋ ಮುಂಚೆ ದಾಳಗಳನ್ನು ಜೋಡಿಸೋದು. ಅವರದು ಹಾರ್ಡ್‌ವೇ ಸೆಟ್. ಎರಡೂ ದಾಳದ 1 ಮತ್ತು 6 ಎಡ–ಬಲ ಬದಿಗೆ, 2, 3, 4, 5 ಸುತ್ತಲೂ, ಯಾವ ಕಡೆಯಿಂದ ನೋಡಿದರೂ ಜೋಡಿ ಕಾಣಬೇಕು. ಆಮೇಲೆ 'ಗ್ರಿಪ್': ಹಿಂದೆ ಹೆಬ್ಬೆರಳು, ಮುಂದೆ ಮೂರು ಬೆರಳ ತುದಿ, ಗುಬ್ಬಚ್ಚಿ ಮರಿ ಹಿಡಿದ ಹಾಗೆ ಮೆತ್ತಗೆ. ಎಸೆದಾಗ ಎರಡೂ ದಾಳ ಒಂದಕ್ಕೊಂದು ಅಂಟಿಕೊಂಡಂತೆ, ಸ್ವಲ್ಪ ಹಿಂದಕ್ಕೆ ತಿರುಗ್ತಾ ಹಾರಿ, ಗೋಡೆಯ ಹತ್ತಿರ ಬಿದ್ದು, ಗೋಡೆಗೆ ಸುಮ್ಮನೆ ತಾಗಿ, ಸತ್ತ ಹಾಗೆ ನಿಲ್ಲಬೇಕು. ಎತ್ತಿನಗಾಡಿ ಚಕ್ರ ಅಚ್ಚಿನ ಮೇಲೆ ಹೇಗೆ ತಿರುಗುತ್ತೋ ಹಾಗೆ. ಹಾಗೆ ತಿರುಗಿದರೆ ಬದಿಯಲ್ಲಿರೋ 1 ಮತ್ತು 6 ಮೇಲೆ ಬರೋದೇ ಇಲ್ಲ. ಇದಕ್ಕೆ 'ಆನ್ ಆಕ್ಸಿಸ್' ಅಂತಾರೆ. ಯಶಸ್ಸು ಅಳೆಯೋಕೆ ಎಸ್‌ಆರ್‌ಆರ್ ಅನ್ನೋ ಲೆಕ್ಕ ಇದೆ, ಎಷ್ಟು ಎಸೆತಕ್ಕೆ ಒಂದು ಏಳು ಬಿತ್ತು ಅಂತ. ಸುಮ್ಮನೆ ಎಸೆದರೆ 6. ಭಾವನ ಶೀಟ್ 6.98 ಅಂತ ತೋರಿಸ್ತಿತ್ತು.

ನಿಜ ಹೇಳ್ತೀನಿ, ನೋಡೋಕೆ ಚೆಂದ ಇತ್ತು. ಆರು ತಿಂಗಳ ಅಭ್ಯಾಸ ಅದು. ನಮ್ಮಪ್ಪ ಕೇರಂ ಸ್ಟ್ರೈಕರ್ ಹೊಡೆಯೋದನ್ನು ನೋಡ್ತಾ ಕೂತಿರ್ತಿದ್ದೆನಲ್ಲ, ಹಾಗೆ ನೋಡ್ತಾ ಕೂತೆ.

ಆದರೆ ಪ್ರೋಗ್ರಾಮರ್ ಬುದ್ಧಿ ಸುಮ್ಮನಿರಲ್ಲ. ಊಟಕ್ಕೆ ಕೂತಾಗ ಟಿಶ್ಯೂ ಪೇಪರ್ ಮೇಲೆ ಬರೆದೆ. ಹಾರ್ಡ್‌ವೇ ಸೆಟ್‌ನಲ್ಲಿ ಎರಡೂ ದಾಳ ಅಚ್ಚಿನ ಮೇಲೇ ನಿಂತವು ಅಂತಿಟ್ಟುಕೊಳ್ಳಿ, ಒಂದೊಂದಕ್ಕೂ 2, 3, 4, 5 ಮಾತ್ರ. ಒಟ್ಟು 16 ಸಾಧ್ಯತೆ. ಅದರಲ್ಲಿ ಏಳು ಯಾವುವು? 2-5, 5-2, 3-4, 4-3. ಹದಿನಾರಕ್ಕೆ ನಾಲ್ಕು, ಅಂದರೆ ನಾಲ್ಕು ಎಸೆತಕ್ಕೆ ಒಂದು ಏಳು! ಸುಮ್ಮನೆ ಎಸೆಯೋದಕ್ಕಿಂತ ಕಡೆ. ಈ ಸೆಟ್ ಕೆಲಸ ಮಾಡಬೇಕಾದರೆ ದಾಳಗಳು ಅಚ್ಚಿನ ಮೇಲೆ ಇದ್ದರೆ ಸಾಲದು, ಎರಡೂ ಒಂದೇ ಲೆಕ್ಕದಲ್ಲಿ ತಿರುಗಿ ನಿಲ್ಲಬೇಕು. ಅರ್ಧ ಕಲಿತವನಿಗೆ ಇದು ನಷ್ಟದ ಸೆಟ್. '3-ವಿ' ಅಂತ ಇನ್ನೊಂದಿದೆ, ಅದರಲ್ಲಿ ಒಂದು ದಾಳದ 1 ಮತ್ತು 6 ಬದಿಗೆ ಹೋದರೆ ಇನ್ನೊಂದರ 2 ಮತ್ತು 5 ಬದಿಗೆ ಹೋಗುತ್ತೆ. ಅಲ್ಲಿ 16ಕ್ಕೆ ಎರಡೇ ಏಳು.

ಭಾವ ಟಿಶ್ಯೂ ತಗೊಂಡು ಬಹಳ ಹೊತ್ತು ನೋಡಿದರು. "ಹಾಗಿದ್ರೆ ನನಗೆ 6.98 ಹೇಗೆ ಬಂತು?" ಅಂದರು. ಒಳ್ಳೆ ಪ್ರಶ್ನೆ.

ಅಕ್ಕ ಸಾರು ಬಡಿಸ್ತಾ ನನ್ನ ಕಡೆ ನೋಡಿದಳು. ವಿಷಯ ಏನಂದ್ರೆ, ಆ ವರ್ಷ ಭಾವ ಅಟ್ಲಾಂಟಿಕ್ ಸಿಟಿಗೆ ಹನ್ನೊಂದು ಸಲ ಹೋಗಿ ಬಂದಿದ್ದರು. ಆರು ಸಾವಿರ ಡಾಲರ್ ಹೋಗಿತ್ತು. ಮನೆ ಮುಳುಗೋ ಮೊತ್ತ ಅಲ್ಲ. ಆದರೆ ಮುಂದಿನ ವರ್ಷ ಬೋನಸ್ ಪೂರ್ತಿ ಅದಕ್ಕೇ ಅಂತ ಮಾತು ಶುರುವಾಗಿತ್ತು. "ನಾನು ಹೇಳಿದ್ರೆ ಜಗಳ ಆಗುತ್ತೆ. ನೀನಾದ್ರೂ ಲೆಕ್ಕ ಹಾಕಿ ಹೇಳೋ" ಅಂತ ಅಕ್ಕ ಬೆಳಿಗ್ಗೆಯೇ ಹೇಳಿದ್ದಳು.

ಭಾವನ ಹತ್ತಿರ ಸಾಕ್ಷಿಗಳಿಗೇನೂ ಬರ ಇರಲಿಲ್ಲ. ಮೊದಲನೆಯದು ಅದೇ ಅಟ್ಲಾಂಟಿಕ್ ಸಿಟಿಯ ಬೊರ್ಗಾಟಾ ಕ್ಯಾಸಿನೊದಲ್ಲಿ 2009ರ ಮೇ ತಿಂಗಳಲ್ಲಿ ನಡೆದದ್ದು. ಪೆಟ್ರಿಶಿಯಾ ಡಿಮಾರೊ ಅನ್ನೋ ಹೆಂಗಸು ಸೆವೆನ್ ಔಟ್ ಆಗದೆ 154 ಎಸೆತ ಎಸೆದರು, ನಾಲ್ಕು ಗಂಟೆಗೂ ಹೆಚ್ಚು ಹೊತ್ತು. ಸಾಮಾನ್ಯ ಶೂಟರ್‌ಗೆ ಸರಾಸರಿ ಎಂಟೂವರೆ ಎಸೆತ. ಸರಿ ಭಾವ, ಆದರೆ ಆಕೆ ಅದಕ್ಕೆ ಮೊದಲು ಕ್ರಾಪ್ಸ್ ಆಡಿದ್ದು ಒಂದೇ ಸಲ. ಗ್ರಿಪ್ಪೂ ಇಲ್ಲ, ಸೆಟ್ಟೂ ಇಲ್ಲ. ಪ್ರಪಂಚದಲ್ಲಿ ದಿನಾ ಅಷ್ಟೊಂದು ಜನ ಎಸೆಯುವಾಗ ಯಾರಿಗೋ ಒಬ್ಬರಿಗೆ ಇಂಥ ದಿನ ಬರುತ್ತೆ.

ಎರಡನೆಯದು ಗಟ್ಟಿ. ಬ್ಲ್ಯಾಕ್‌ಜ್ಯಾಕ್ ಪುಸ್ತಕಗಳಿಂದ ಹೆಸರಾದ ಸ್ಟ್ಯಾನ್‌ಫರ್ಡ್ ವಾಂಗ್ 2004ರಲ್ಲಿ ಒಂದು ಪಂಥ ಕಟ್ಟಿದ್ದರು. ದಾಳ ಹಿಡಿತ ಇರೋರು 500 ಸಲ ಎಸೆದರೆ ಏಳು 79.5ಕ್ಕಿಂತ ಕಡಿಮೆ ಬೀಳುತ್ತೆ ಅಂತ. ಸಹಜವಾಗಿ 83.3 ಬೀಳಬೇಕು. ಬಿದ್ದದ್ದು 74. ವಾಂಗ್ ಗೆದ್ದರು. ಕೇಳೋಕೆ ಭಾರಿ ಅನ್ನಿಸುತ್ತೆ ಅಲ್ವಾ? ಆದರೆ ಏನೂ ಗೊತ್ತಿಲ್ಲದೋನು ಸುಮ್ಮನೆ 500 ಸಲ ಎಸೆದರೂ, ಏಳು 74 ಅಥವಾ ಅದಕ್ಕಿಂತ ಕಡಿಮೆ ಬೀಳೋ ಸಂಭವ ನೂರಕ್ಕೆ 14. ಪಂಥ ಗೆಲ್ಲೋಕೆ ಸಾಕು, ನಂಬೋಕೆ ಸಾಲದು.

ಮೂರನೆಯದು ನಳಚರಿತ್ರೆ. "ಋತುಪರ್ಣ ನಳನಿಗೆ ಅಕ್ಷಹೃದಯ ಹೇಳಿಕೊಟ್ಟಿದ್ದು ಮರೆತ್ಯಾ? ಈ ವಿದ್ಯೆ ನಮ್ಮಲ್ಲೇ ಇತ್ತು" ಅಂದರು. ಮರೆತಿರಲಿಲ್ಲ. ಆ ಕಥೆಯಲ್ಲಿ ಋತುಪರ್ಣ ರಥದಲ್ಲಿ ಕೂತೇ ಮರದ ಎಲೆ–ಕಾಯಿ ಎಷ್ಟು ಅಂತ ಹೇಳ್ತಾನೆ. ನಳ ಹಾಗೇ ನಂಬಲ್ಲ. ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡ್ತಾನೆ. "ನಾವೂ ಎಣಿಸೋಣ ಭಾವ" ಅಂದೆ.

ಭೌತಶಾಸ್ತ್ರದ ಮಾತೂ ಹೇಳಬೇಕು, ಯಾಕಂದ್ರೆ ಈ ವಿದ್ಯೆ ಪೂರ್ತಿ ಬೊಗಳೆ ಅನ್ನೋ ಹಾಗಿಲ್ಲ. 2012ರಲ್ಲಿ ಪೋಲೆಂಡ್ ಸಂಶೋಧಕರು 'ಕೇಯಾಸ್' ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ದಾಳದ ಚಲನೆಯ ಬಗ್ಗೆ ಬರೆದರು. ದಾಳ ಎಷ್ಟೇ ಆದರೂ ನಿಯಮ ಮೀರಿ ಓಡಲ್ಲ, ಶುರುವಿನಲ್ಲಿ ಕೆಳಗಿದ್ದ ಮುಖದ ಮೇಲೇ ಬಂದು ಕೂರೋ ಸಂಭವ ತುಸು ಹೆಚ್ಚು ಅಂತ ಕಂಡುಕೊಂಡರು. ಆದರೆ ಪುಟಿದಷ್ಟೂ ಆ ಒಲವು ಕರಗುತ್ತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರು ಕಂಬಳಿ ಹಾಸಿ ಆಡ್ತಿದ್ದಾಗ ಇದೇ ವಿದ್ಯೆಯಿಂದ ಮೋಸ ಮಾಡೋರಿದ್ದರು, 'ಬ್ಲ್ಯಾಂಕೆಟ್ ರೋಲ್' ಅಂತಲೇ ಅದರ ಹೆಸರು. ಕಂಬಳಿ ಮೇಲೆ ದಾಳ ಪುಟಿಯಲ್ಲ, ಚಕ್ರದ ಹಾಗೆ ಉರುಳುತ್ತೆ. ಕ್ಯಾಸಿನೊದ ಮೇಜಿನಲ್ಲಿ ಗೋಡೆಗೆ ತಾಗಲೇಬೇಕು ಅನ್ನೋ ನಿಯಮ, ಆ ಗೋಡೆಯಲ್ಲಿ ಪಿರಮಿಡ್ಡುಗಳು, ಚೂಪು ಅಂಚಿನ ದಾಳ ಎಲ್ಲಾ ಇರೋದು ಆ ಅಚ್ಚನ್ನು ಮುರಿಯೋಕೇ. ಲಾಸ್ ವೇಗಸ್‌ನಲ್ಲಿ ಕಾರ್ಡ್ ಎಣಿಸೋರನ್ನು ಗುರುತಿಸಿ ಹೊರಗೆ ಕಳಿಸ್ತಾರೆ. ದಾಳ ಜೋಡಿಸೋರಿಗೆ ಬೇಗ ಎಸೀರಿ ಅಂತಾರೆ, ಅಷ್ಟೇ. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಅನ್ನಿಸಿತ್ತು.

ಭಾವನಿಗೆ ಬೇಕಿತ್ತು. ಲ್ಯಾಪ್‌ಟಾಪ್ ತೆಗೆದು ಶೀಟ್ ತೋರಿಸಿದರು. 412 ಎಸೆತ, 59 ಏಳು. ಇದೂ ಸುಮಾರು ಒಂಬತ್ತು ಜನರಲ್ಲಿ ಒಬ್ಬರಿಗೆ ಸುಮ್ಮನೆ ಎಸೆದರೂ ಬರೋವಂಥದ್ದೇ ಅಂತ ಹೇಳೋಕೆ ಹೊರಟಿದ್ದೆ. ಅಷ್ಟರಲ್ಲಿ ಎಡಗಡೆ ಸಾಲಿನ ನಂಬರ್ ಕಣ್ಣಿಗೆ ಬಿತ್ತು. 37 ಆದಮೇಲೆ 39. 52 ಆದಮೇಲೆ 55.

"ಭಾವ, ಫಿಲ್ಟರ್ ಹಾಕಿದೀರಾ?"

"ಹೂಂ. ಕೈಯಿಂದ ಸರಿಯಾಗಿ ಬಿಡುಗಡೆ ಆಗದ ಎಸೆತಗಳಿರ್ತಾವಲ್ಲ, ಅವನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಅವು ನನ್ನ ನಿಜವಾದ ಥ್ರೋ ಅಲ್ಲ."

"ಸರಿಯಾಗಿ ಆಗಿಲ್ಲ ಅಂತ ಯಾವಾಗ ಬರೀತೀರಿ? ದಾಳ ನಿಲ್ಲೋ ಮುಂಚೆನಾ, ನಿಂತ ಮೇಲಾ?"

ಉತ್ತರ ಬರಲಿಲ್ಲ. ಫಿಲ್ಟರ್ ತೆಗೆದೆ. ಅಡಗಿದ್ದ ಸಾಲು 61. ಅದರಲ್ಲಿ ಏಳು 19 ಸಲ. ಎಲ್ಲಾ ಸೇರಿಸಿದರೆ 473 ಎಸೆತ, 78 ಏಳು. ದಾಳವನ್ನು ಕಣ್ಣು ಮುಚ್ಚಿ ಎಸೆದಿದ್ದರೂ ಬೀಳಬೇಕಿದ್ದದ್ದು 78.8.

ಗೆದ್ದೆ ಅಂತ ಖುಷಿ ಆಗಬೇಕಿತ್ತು. ಆಗಲಿಲ್ಲ. ಭಾವ ಸುಳ್ಳು ಬರೆದವರಲ್ಲ, ಪ್ರತಿ ಎಸೆತವನ್ನೂ ಪ್ರಾಮಾಣಿಕವಾಗಿ ಬರೆದಿಟ್ಟಿದ್ದರು, ಅದಕ್ಕೇ ನನಗೆ ಸಿಕ್ಕಿದ್ದು. ಏಳು ಬಿದ್ದಾಗಲೆಲ್ಲ ಅವರ ಕಣ್ಣಿಗೆ ಎಸೆತದ ತಪ್ಪು ಕಾಣ್ತಿತ್ತು, ಎಂಟು ಬಿದ್ದಾಗ ಕಾಣ್ತಿರಲಿಲ್ಲ. ನನ್ನ ಕೋಡ್‌ನ ಟೆಸ್ಟ್ ಫೇಲ್ ಆದಾಗ 'ಟೆಸ್ಟೇ ಸರಿಯಿಲ್ಲ' ಅಂತ ಸ್ಕಿಪ್ ಮಾಡಿ ಮುಂದೆ ಹೋಗಿದ್ದು ನಾನೇನು ಕಡಿಮೆ ಸಲವಾ? ಜೊತೆಗೆ ಅವರು ಕ್ಯಾಸಿನೊದಲ್ಲಿ ಹಾರ್ಡ್ 8 ಮೇಲೆ ಬೇರೆ ಕಟ್ತಿದ್ದರಂತೆ, ಹಾರ್ಡ್‌ವೇ ಸೆಟ್ ಅಲ್ವಾ ಅಂತ. ಅದರಲ್ಲಿ ಕ್ಯಾಸಿನೊದವರ ಪಾಲು ನೂರಕ್ಕೆ 9ಕ್ಕೂ ಹೆಚ್ಚು. ಪಾಸ್ ಲೈನ್‌ನಲ್ಲಿ ತೊಟ್ಟಿಕ್ಕೋದು ಅಲ್ಲಿ ನಲ್ಲಿ ಬಿಟ್ಟ ಹಾಗೆ ಸುರಿಯುತ್ತೆ.

ಅವತ್ತು ರಾತ್ರಿ ಟಕ್‌ಟಕ್ ಕೇಳಿಸಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕನೇ ಒಂದು ಒಪ್ಪಂದ ಮಾಡಿಸಿದಳು. ಏಳು ಎಸೆತಕ್ಕೆ ಒಂದು ಏಳು ಅನ್ನೋ ಹಿಡಿತ ನಿಜಕ್ಕೂ ಇದ್ದರೆ 2,500 ಎಸೆತದಲ್ಲಿ ಏಳು 357ರ ಆಸುಪಾಸಿಗೆ ಬರಬೇಕು. ಇಲ್ಲದಿದ್ದರೆ 417ರ ಹತ್ತಿರ. ಅಷ್ಟು ಅಂತರ ಅದೃಷ್ಟದಿಂದ ಬರೋದು ಬಲು ಕಷ್ಟ. ಎಸೆಯೋದು ಭಾವ, ಬರೆಯೋದು ಅಕ್ಕ, ಒಂದು ಸಾಲೂ ಅಡಗಿಸೋ ಹಾಗಿಲ್ಲ. ಮುಗಿಯೋವರೆಗೆ ಅಟ್ಲಾಂಟಿಕ್ ಸಿಟಿ ಇಲ್ಲ. ಭಾವ ಒಪ್ಪಿದರು. ಸೆಟ್ ಮಾತ್ರ 3-ವಿಗೆ ಬದಲಾಯಿಸಿಕೊಂಡರು.

ನಾನು ಬೆಂಗಳೂರಿಗೆ ವಾಪಸ್ ಬಂದೆ. ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ದಿನಾ ಊಟ ಆದಮೇಲೆ ಇಬ್ಬರೂ ಬೇಸ್‌ಮೆಂಟಿನಲ್ಲಿ ಕೂರ್ತಾರಂತೆ, 1,300 ಎಸೆತ ಆಗಿದೆ. ಏಳು 221 ಸಲ.

"ಭಾವ ಏನಂತಾರೆ?" ಅಂದೆ.

"ಮೇಜಿನ ಬಟ್ಟೆ ಸವೆದಿದೆಯಂತೆ. ಬದಲಾಯಿಸಿದ್ರೆ ಸರಿಹೋಗುತ್ತಂತೆ" ಅಂದಳು. ಹಿಂದುಗಡೆ ಟಕ್‌ಟಕ್ ಕೇಳಿಸ್ತಿತ್ತು. "ತಾಳು, ಬರ್ಕೊಬೇಕು" ಅಂತ ಫೋನ್ ಇಟ್ಟಳು.