ಹತ್ತೊಂಬತ್ತನೆಯ ಸ್ಥಾನ

ನಮ್ಮ ಶಾಲೆಗಳ ಕ್ರೀಡೋತ್ಸವದ ವರದಿಗಳಲ್ಲಿ ಪ್ರಥಮ, ದ್ವಿತೀಯ, ತೃತೀಯ ಎಂಬ ಮೂರು ಹೆಸರುಗಳಾದ ಮೇಲೆ ನಾಲ್ಕನೆಯದೊಂದು ಕಾಣಸಿಗದು. ಓಡಿದ ಉಳಿದ ಬಾಲಿಕೆಯರು ಓಡಲೇ ಇಲ್ಲವೋ ಎಂಬಂತೆ ಪುಟವು ಮುಗಿದುಹೋಗುತ್ತದೆ. ಈ ಪದ್ಧತಿಯು ಸಾಧುವಲ್ಲವೆಂದು ನನ್ನ ಅಭಿಪ್ರಾಯ. ಅದಕ್ಕೆ ಆಧಾರವಾಗಿ ಬೆಳಗಾವಿಯ ಓಟಗಾರರೊಬ್ಬರ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ.

ಫಡೆಪ್ಪ ದರೆಪ್ಪ ಚೌಗುಲೆಯವರ ಹೆಸರನ್ನು ಇಂದು ಬಲ್ಲವರು ವಿರಳ. ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ರೈತರ ಮಕ್ಕಳು ಯಾವ ಶಿಕ್ಷಣವೂ ಇಲ್ಲದೆ ಬರಿಗಾಲಿನಲ್ಲಿ ಓಡುವುದನ್ನು ಕಂಡು ಸರ್ ದೊರಾಬ್ಜಿ ತಾತಾ ಅವರು ಬೆರಗಾದರು. ಅವರ ಪ್ರಯತ್ನದಿಂದಲೂ ಧನಸಹಾಯದಿಂದಲೂ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದ ಒಲಿಂಪಿಕ್ ಪಂದ್ಯಾಟಗಳಿಗೆ ಭಾರತದ ಮೊದಲನೆಯ ತಂಡವು ಹಡಗನ್ನೇರಿತು. ಆ ತಂಡದಲ್ಲಿ ಚೌಗುಲೆಯವರೂ ಇದ್ದರು.

ಆ ವರ್ಷದ ಮ್ಯಾರಥಾನ್ ಓಟವು 42,750 ಮೀಟರುಗಳಷ್ಟು ದೀರ್ಘವಾಗಿದ್ದಿತು. ಅಂಬಲಪಾಡಿಯಿಂದ ಹೊರಟು ಕುಂದಾಪುರವನ್ನು ಮುಟ್ಟಿದರೂ ಅಷ್ಟು ದೂರವಾಗದು! ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಅವರಿಗಿಂತ ಸುಮಾರು ಹದಿನೆಂಟು ನಿಮಿಷ ಮೊದಲೇ ಗುರಿಮುಟ್ಟಿ ಗೆದ್ದವನು ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನನ್. ಇವನು 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೂರು ಚಿನ್ನದ ಪದಕಗಳನ್ನು ಗಳಿಸಿದಾಗ ಅವನ ನಾಡು ರಷ್ಯದ ಚಕ್ರವರ್ತಿಯ ಅಧೀನದಲ್ಲಿದ್ದಿತು. ಅವನ ಗೆಲವಿಗಾಗಿ ಏರಿದ್ದು ಪರರ ಧ್ವಜ. ಫಿನ್ಲೆಂಡು ಸ್ವತಂತ್ರವಾದದ್ದು 1917ರಲ್ಲಿ. ಅವನ ಬೆನ್ನಹಿಂದೆಯೇ, ಕೇವಲ ಹದಿಮೂರು ಸೆಕೆಂಡುಗಳಷ್ಟು ತಡವಾಗಿ ಬಂದ ಯೂರಿ ಲಾಸ್‌ಮನ್, ಆಗತಾನೇ ಸ್ವಾತಂತ್ರ್ಯವನ್ನು ಘೋಷಿಸಿಕೊಂಡಿದ್ದ ಎಸ್ತೋನಿಯವೆಂಬ ಪುಟ್ಟ ದೇಶದವನು. ಚೌಗುಲೆಯವರಿಗಾದರೋ ತಮ್ಮದೆನ್ನಬಹುದಾದ ಧ್ವಜವು ಇನ್ನೂ ಇರಲಿಲ್ಲ. ಸ್ವಂತ ಧ್ವಜಕ್ಕಾಗಿ ಓಡಿದವರನ್ನೂ ಅದಿಲ್ಲದೆ ಓಡಿದವರನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ನ್ಯಾಯವೇ?

ಮುಷ್ಟಿಯುದ್ಧದಲ್ಲಿಯೂ ಸಂಗತಿಯು ಬೇರೆಯಲ್ಲ. 1980ರಲ್ಲಿ ಮಾಸ್ಕೋ ನಗರದ ಕಣಕ್ಕಿಳಿದ ಕೊಡಗಿನ ಸಿ. ಸಿ. ಮಾಚಯ್ಯನವರ ಹೆಸರನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಸ್ತ್ರೀಯರಿಗೆ ಆ ಕಣದ ಬಾಗಿಲು ತೆರೆದದ್ದೇ 2012ರಲ್ಲಿ. ಮ್ಯಾರಥಾನ್ ಓಟವು ಅವರಿಗೆ ದೊರೆತದ್ದು 1984ರಲ್ಲಿ. ಭಾರತದ ಸ್ತ್ರೀಯರು ಒಲಿಂಪಿಕ್ ಓಟದಲ್ಲಿ ಮೊದಲು ಕಾಲಿಟ್ಟದ್ದು 1952ರಲ್ಲಿ, ಅದೇ ಫಿನ್ಲೆಂಡಿನ ರಾಜಧಾನಿಯಾದ ಹೆಲ್ಸಿಂಕಿಯಲ್ಲಿ. ಅಲ್ಲಿನ ಗೋಪುರದ ಮೇಲೆ ಜ್ಯೋತಿಯನ್ನು ಹೊತ್ತಿಸಿದವನು ವೃದ್ಧನಾದ ಕೊಲೆಹ್ಮೈನನ್ನನೇ! ಆ ಸಲ ಓಡಿದ ನೀಲಿಮಾ ಘೋಷ್, ಮೇರಿ ಡಿ'ಸೋಜಾ ಇವರಿಬ್ಬರೂ ಪದಕವಿಲ್ಲದೆ ಮರಳಿದರು. ಹಾಗೆಂದು ಅವರು ಹೋದದ್ದು ವ್ಯರ್ಥವೆಂದು ಯಾವ ಬಾಲಿಕೆಗೆ ಹೇಳಬಲ್ಲೆವು?

ಸೋತವರನ್ನು ಹೊಗಳಿದರೆ ಆಲಸ್ಯವು ಬೆಳೆಯುವುದೆಂದು ಕೆಲವರು ಆಕ್ಷೇಪಿಸುವರು. ನಾನು ಹೊಗಳಿಕೆಯನ್ನು ಕೇಳುತ್ತಿಲ್ಲ, ದಾಖಲೆಯನ್ನು ಕೇಳುತ್ತಿದ್ದೇನೆ. ಚೌಗುಲೆಯವರ ಓಟದ ಲೆಕ್ಕವು ಸೆಕೆಂಡಿನವರೆಗೂ ನಮಗೆ ದೊರೆಯುವುದು ಏತರಿಂದ? ಗೆದ್ದವನು ಬಂದು ಹದಿನೆಂಟು ನಿಮಿಷಗಳು ಕಳೆದರೂ ಯಾರೋ ಒಬ್ಬರು ಗಡಿಯಾರವನ್ನು ಹಿಡಿದು ಆಂಟ್‌ವರ್ಪಿನಲ್ಲಿ ನಿಂತಿದ್ದುದರಿಂದ. ಓಡಿದ ಪ್ರತಿಯೊಬ್ಬಳ ಹೆಸರಿನ ಮುಂದೆ ಅವಳ ಕಾಲವನ್ನು ಬರೆದಿಟ್ಟರೆ, ಮುಂದಿನ ವರ್ಷ ಅವಳು ತನ್ನ ಹಿಂದಿನ ಲೆಕ್ಕವನ್ನೇ ಎದುರಾಳಿಯನ್ನಾಗಿ ಮಾಡಿಕೊಳ್ಳಬಹುದು. ಅದಕ್ಕೆ ತಗಲುವ ವೆಚ್ಚವು ವರದಿಯ ಅರ್ಧ ಪುಟ. ಬರುವ ಕ್ರೀಡೋತ್ಸವದಲ್ಲಿ, ಅದು ಶಾಲೆಯ ಅಂಗಳದಲ್ಲಾಗಲಿ ಅಜ್ಜರಕಾಡಿನಲ್ಲಾಗಲಿ, ಕಟ್ಟಕಡೆಯ ಬಾಲಿಕೆಯು ಗೆರೆಯನ್ನು ದಾಟುವ ತನಕ ಗಡಿಯಾರವನ್ನು ನಿಲ್ಲಿಸಬಾರದೆಂದು ಅಧ್ಯಾಪಿಕೆಯರಲ್ಲಿ ನನ್ನ ವಿಜ್ಞಾಪನೆ.