ಕೋವಿಗೆ ಲೈಸೆನ್ಸ್ ಇದೆ, ಕೋವಿ ಬಲ್ಲ ಕೈ ಎಲ್ಲಿದೆ?

ಸಕಲೇಶಪುರದ ಕಡೆ ನಮ್ಮ ತೋಟದ ಮನೆಯಲ್ಲಿ ಅಜ್ಜ ಕೊಂಡಿದ್ದ ಒಂದು .315 ರೈಫಲ್ ಇದೆ. ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯದು. ಅಜ್ಜ ಹೋದ ಮೇಲೆ ವಾರಸುದಾರರ ಲೆಕ್ಕದಲ್ಲಿ ಚಿಕ್ಕಪ್ಪನ ಹೆಸರಿಗೆ ಲೈಸೆನ್ಸ್ ಆಯಿತು. ಕಳೆದ ವರ್ಷ ಆ ಕೋವಿ ಚಿಕ್ಕಪ್ಪನ ಕೆನ್ನೆಯ ಪಕ್ಕದಲ್ಲೇ ಸಿಡಿಯಿತು.

ಸಿಡಿಯಿತು ಎಂದರೆ ಸಿನಿಮಾದಲ್ಲಿ ತೋರಿಸುವಂತೆ ನಳಿಗೆ ಹೂವಾಗಿ ಅರಳಿಕೊಳ್ಳಲಿಲ್ಲ. ಕಾಡತೂಸಿನ ಹಿತ್ತಾಳೆ ಬುಡದ ಹತ್ತಿರ ಉಂಗುರದಂತೆ ಹರಿದು, ಬಿಸಿ ಅನಿಲ ಬೋಲ್ಟಿನ ಸಂದಿಯಿಂದ ಹಿಂದಕ್ಕೆ ನುಗ್ಗಿತು. ರಿಪೇರಿ ಆಗಿ ಬಂದಿದೆಯಲ್ಲ, ನೋಡೋಣ ಎಂದು ಮಣ್ಣಿನ ದಿಣ್ಣೆಗೆ ಗುರಿಯಿಟ್ಟಿದ್ದರು. ಎರಡನೆಯ ಈಡು. ಕನ್ನಡಕ ಇದ್ದದ್ದರಿಂದ ಕಣ್ಣು ಉಳಿಯಿತು. ಕೆನ್ನೆಯ ಮೇಲೆ ಈಗಲೂ ಕರಿಮೆಣಸು ಎರಚಿದ ಹಾಗೆ ಚುಕ್ಕೆಗಳಿವೆ.

ರಿಪೇರಿ ಮಾಡಿದ್ದು ಬೀದಿಬದಿಯ ಕುಲುಮೆಯಲ್ಲ. ದೊಡ್ಡ ನಗರವೊಂದರ, ದೊಡ್ಡ ಬೋರ್ಡಿನ, ಲೈಸೆನ್ಸ್ ಇರುವ ಬಂದೂಕಿನ ಅಂಗಡಿ. ಬೋಲ್ಟ್ ಸವೆದು ಖಾಲಿ ಕಾಡತೂಸು ಸರಿಯಾಗಿ ಹೊರಬರುತ್ತಿರಲಿಲ್ಲ. ಹಿಂದಿನ ಮರ ಬಿರುಕು ಬಿಟ್ಟಿತ್ತು. ಚಿಕ್ಕಪ್ಪ ಕುಳ್ಳಗಿನವರು, ಅಜ್ಜನ ಅಳತೆಯ ಮರ ಅವರ ಭುಜಕ್ಕೆ ಉದ್ದವಾಗುತ್ತಿತ್ತು. ಅವರ ಮೈಗೆ ತಕ್ಕ ಹೊಸ ಮರ, ಹಗುರವಾದ ಕುದುರೆ, ಬೋಲ್ಟಿನ ದುರಸ್ತಿ ಎಲ್ಲಕ್ಕೂ ಸೇರಿಸಿ ಹಣ ಕಟ್ಟಿ ಬಂದರು. ನಾಲ್ಕು ತಿಂಗಳ ನಂತರ ಕೋವಿ ಮದುಮಗನಂತೆ ಪಾಲಿಷ್ ಹೊಡೆಸಿಕೊಂಡು ಬಂತು. ಅಪಘಾತದ ಮರುದಿನ ನಾನು ಪುಣೆಯಿಂದ ಹೋಗಿ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ನಂಬರು. ಕೋವಿಯ ಮೈಮೇಲಿನ ನಂಬರೇ ಬೇರೆ, ಬೋಲ್ಟಿನ ಹಿಡಿಯ ಮೇಲಿನದೇ ಬೇರೆ. ಸವೆದ ಬೋಲ್ಟನ್ನು ತೆಗೆದು ಯಾವುದೋ ಕೋವಿಯ ಬೋಲ್ಟನ್ನು ತುರುಕಿದ್ದರು. ಹೋಗುತ್ತೆ, ಬರುತ್ತೆ, ಮುಚ್ಚಿಕೊಳ್ಳುತ್ತೆ. ಸಾಕಲ್ಲ!

ಸಾಲದು. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ನಳಿಗೆಯ ಬಾಯಿಯಲ್ಲಿ ಕೂತ ಕಾಡತೂಸಿಗೂ ನಡುವೆ ಎಷ್ಟು ಜಾಗ ಉಳಿಯಬೇಕು ಎಂಬುದಕ್ಕೆ ಲೆಕ್ಕವಿದೆ. ಆ ಕಸುಬಿನಲ್ಲಿ ಅದನ್ನು ಹೆಡ್‌ಸ್ಪೇಸ್ ಎನ್ನುತ್ತಾರೆ. ಒಳ್ಳೆಯದು, ಕೆಟ್ಟದ್ದು ಎರಡರ ನಡುವಿನ ಅಂತರ ಇಂಚಿನ ಸಾವಿರದ ಕೆಲವು ಭಾಗಗಳಷ್ಟೆ, ನೋಟ್‌ಬುಕ್ಕಿನ ಎರಡು ಮೂರು ಹಾಳೆಗಳ ದಪ್ಪ. ಜಾಗ ಹೆಚ್ಚಾದರೆ ಈಡು ಹಾರಿದ ಕ್ಷಣ ಹಿತ್ತಾಳೆ ಹಿಂದಕ್ಕೆ ಹಿಗ್ಗುತ್ತದೆ, ಹಿಗ್ಗಲಾರದೆ ಹರಿಯುತ್ತದೆ. ನಮ್ಮ .315 ಬ್ರಿಟಿಷರ ಲೀ-ಎನ್‌ಫೀಲ್ಡ್ ಮಾದರಿಯದು. .303 ಸೇನೆಯ ಗುಂಡು, ಜನಸಾಮಾನ್ಯರಿಗೆ ನಿಷಿದ್ಧ, ಹಾಗಾಗಿ ಅದೇ ಮೈಗೆ ಬೇರೆ ಗುಂಡು. ಇದರಲ್ಲಿ ಬೋಲ್ಟನ್ನು ಬಿಗಿಹಿಡಿಯುವ ಕಿವಿಗಳು ಹಿಂದುಗಡೆ ಇವೆ. ಜರ್ಮನಿಯ ಮೌಸರ್ 98ರಲ್ಲಿ ಮುಂದೆ ಎರಡು, ಅವು ಕೈಕೊಟ್ಟರೆ ಇರಲಿ ಎಂದು ಹಿಂದೆ ಇನ್ನೊಂದು. ಎರಡರಲ್ಲೂ ಯಾವ ಬೋಲ್ಟ್ ಯಾವ ಮೈಗೆ ಎಂದು ಕೂರಿಸಿ ನೋಡಿ, ನಂಬರು ಹೊಡೆದು ಕಳಿಸುತ್ತಿದ್ದರು. ಆ ನಂಬರು ಅಲಂಕಾರಕ್ಕಲ್ಲ.

ಇದನ್ನು ಅಳೆಯಲು ಬೇಕಾದ ಗೇಜು ಎರಡು ಸಣ್ಣ ಉಕ್ಕಿನ ತುಂಡು. ಒಂದರ ಮೇಲೆ ಬೋಲ್ಟ್ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ಅಷ್ಟೆ. ಆ ಅಂಗಡಿಗೆ ಹೋಗಿ ಗೇಜು ತೋರಿಸಿ ಎಂದೆ. ಕೌಂಟರಿನಲ್ಲಿದ್ದವರು ಒಳಗೆ ಹೋಗಿ ಬಂದು, 'ಸಾರ್, ನಮ್ಮ ಮೇಸ್ತ್ರಿಗೆ ಕೈಯಲ್ಲೇ ಗೊತ್ತಾಗುತ್ತೆ' ಎಂದರು. ಮೇಸ್ತ್ರಿ ಎಲ್ಲಿ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ಕೊನೆಗೆ ಗೊತ್ತಾದದ್ದು, ಕೆಲಸ ಹೋದದ್ದು ಹೊರಗಿನ ಒಂದು ಲೇತ್ ಶಾಪಿಗೆ!

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸುವುದಕ್ಕೆ, ಮಾರುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ, ಪರೀಕ್ಷಿಸುವುದಕ್ಕೂ ಲೈಸೆನ್ಸ್ ಬೇಕು. ಸರಿಯಾದ ಕಾನೂನೇ. ಆದರೆ ಲೈಸೆನ್ಸ್ ಕೌಂಟರಿಗೆ, ಕೆಲಸ ಲೇತಿನವನಿಗೆ ಎಂದಾದರೆ ಆ ಕಾಗದ ರಕ್ಷಿಸುವುದು ಯಾರನ್ನು? ಪೊಲೀಸರು ಬಂದರೆ ರಿಜಿಸ್ಟರ್ ನೋಡುತ್ತಾರೆ, ಎಷ್ಟು ಬಂತು, ಎಷ್ಟು ಹೋಯಿತು ಎಂದು ಎಣಿಸುತ್ತಾರೆ. ಎಣಿಕೆ ಸರಿ ಇದ್ದರೆ ಎಲ್ಲವೂ ಸರಿ. ಹೋದ ಕೋವಿ ಯಾರ ಕಣ್ಣು ತೆಗೆಯಿತು ಎಂಬುದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಮುಂಬೈ, ದೆಹಲಿಯ ಫ್ಲ್ಯಾಟುಗಳಲ್ಲಿ ಇದನ್ನು ಓದುತ್ತಿರುವ ಕೆಲವರು ಹುಬ್ಬು ಗಂಟಿಕ್ಕಿರುತ್ತೀರಿ: ಬಂದೂಕೇ ಬೇಡದ ವಸ್ತು, ಅದನ್ನು ಚೆನ್ನಾಗಿ ಮಾಡಿಕೊಡುವವನು ಇಲ್ಲದಿದ್ದರೆ ಒಳ್ಳೆಯದೇ ಆಯಿತಲ್ಲ? ಈ ಮಾತನ್ನು ನನ್ನ ಹೆಂಡತಿಯೇ ಹೇಳಿದ್ದಾಳೆ. ನಾನು ಹೆಚ್ಚು ಬಂದೂಕು ಬೇಕು ಎನ್ನುತ್ತಿಲ್ಲ. 1972ರ ವನ್ಯಜೀವಿ ಕಾಯ್ದೆ ಬೇಟೆಗೆ ತೆರೆ ಎಳೆದದ್ದು ಒಳ್ಳೆಯದೇ ಆಯಿತು. 2019ರ ತಿದ್ದುಪಡಿ ಒಬ್ಬನಿಗೆ ಮೂರು ಎಂಬುದನ್ನು ಎರಡಕ್ಕೆ ಇಳಿಸಿತು, ಅದಕ್ಕೂ ನನ್ನ ತಕರಾರಿಲ್ಲ. ಆದರೆ ಸರ್ಕಾರವೇ ಮುದ್ರೆ ಒತ್ತಿ ಕೊಟ್ಟ ಕೋವಿಗಳು ತೋಟದ ಮನೆಗಳಲ್ಲಿ, ಬ್ಯಾಂಕಿನ ಬಾಗಿಲುಗಳಲ್ಲಿ, ಶೂಟಿಂಗ್ ರೇಂಜುಗಳಲ್ಲಿ ಇದ್ದೇ ಇವೆ. ನೀವು ಎಟಿಎಂ ಮುಂದೆ ಸಾಲು ನಿಂತಾಗ ಹಣ ತುಂಬಲು ಬಂದ ಕಾವಲುಗಾರನ ಹೆಗಲಲ್ಲಿ ತೂಗುವ ಆ ಹಳೆಯ ಬಂದೂಕನ್ನು ಕೊನೆಯ ಸಲ ತಿಳಿದವರೊಬ್ಬರು ಬಿಚ್ಚಿ ನೋಡಿದ್ದು ಯಾವಾಗ ಎಂದು ಯೋಚಿಸಿದ್ದೀರಾ? ಬ್ರೇಕ್ ರಿಪೇರಿಯವರು ಇಲ್ಲದಿದ್ದರೆ ಬಸ್ಸುಗಳು ಕಡಿಮೆಯಾಗುವುದಿಲ್ಲ. ಬ್ರೇಕಿಲ್ಲದ ಬಸ್ಸುಗಳು ಹೆಚ್ಚಾಗುತ್ತವೆ.

ಕೊಡಗಿನವರನ್ನು ಕೇಳಿ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿ ಹಿಡಿಯಿತು. ಕೈಲ್ ಪೊಳ್ದಿನ ದಿನ ಕೋವಿಗೆ ತೋಕ್‌ಪೂ ಏರಿಸಿ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿ ಹೊಡೆಯುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಕೋವಿ ಇಷ್ಟು ಹತ್ತಿರದ ಜಿಲ್ಲೆಯಲ್ಲೇ ನನ್ನ ಗೆಳೆಯನೊಬ್ಬ ಅವನ ಅಪ್ಪನ ಕೋವಿಯ ಮರ ಬದಲಿಸಲು ಎರಡು ವರ್ಷ ಅಲೆದ. ಕೊನೆಗೆ ಸಿಕ್ಕವರು ಪೀಠೋಪಕರಣದ ಆಚಾರಿ. ಮರ ಚೆಂದ ಕೂರಿಸಿದರಂತೆ, ಈಡು ಮಾತ್ರ ಒಂದೊಂದು ಸಲ ಒಂದೊಂದು ಕಡೆ ಹೋಗುತ್ತದೆ. ಉಕ್ಕಿಗೂ ಮರಕ್ಕೂ ಎಲ್ಲಿ ಬಿಗಿಯಿರಬೇಕು, ಎಲ್ಲಿ ಸಡಿಲವಿರಬೇಕು ಎಂಬುದು ಕುರ್ಚಿ ಮಾಡುವವರಿಗೆ ಹೇಗೆ ತಿಳಿಯಬೇಕು?

ಚುನಾವಣೆಯದು ಇನ್ನೊಂದು ಕಥೆ. ನೀತಿಸಂಹಿತೆ ಬಂತೆಂದರೆ ರೈತರು ಕೋವಿ ಒಯ್ದು ಠಾಣೆಗೆ ಒಪ್ಪಿಸಬೇಕು. ಸೌದೆಯಂತೆ ಒಟ್ಟಿದ ರಾಶಿಯಿಂದ ವಾರಗಟ್ಟಲೆ ಕಳೆದು ವಾಪಸು ಬರುವ ಕೋವಿಯ ಗುರಿಕಣ್ಣು ಬಾಗಿರುತ್ತದೆ, ನಳಿಗೆಗೆ ತುಕ್ಕು. ಯಾರನ್ನು ಕೇಳುವುದು?

ಈ ದೇಶಕ್ಕೆ ಕಸುಬು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಬಿಹಾರದ ಮುಂಗೇರ್ ಮೀರ್ ಕಾಸಿಮನ ಕಾಲದಿಂದ ಬಂದೂಕಿನ ಊರು. ಅಲ್ಲಿನ ಲೈಸೆನ್ಸ್ ಇರುವ ಕಾರ್ಖಾನೆಗಳು ಆರ್ಡರ್ ಇಲ್ಲದೆ ಸೊರಗಿದವು, ಕೈಗಳಲ್ಲಿ ಹಲವು ಕಳ್ಳ ಪಿಸ್ತೂಲಿನ ಕಡೆ ಹೋದವು. ಈಗ ಮುಂಗೇರ್ ಎಂದರೆ ಪತ್ರಿಕೆಯ ಅಪರಾಧ ಪುಟ. ಕಾನೂನಿನೊಳಗೆ ಅನ್ನ ಹುಟ್ಟಿಸದ ವಿದ್ಯೆ ಇನ್ನೆಲ್ಲಿಗೆ ಹೋಗುತ್ತದೆ? ಅತ್ತ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುಣೆಯ ರೈಲ್ವೆ ನೌಕರ, ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲಿನಲ್ಲಿ ಕಂಚು ಗೆದ್ದಾಗ ನಮ್ಮ ಬೀದಿಯಲ್ಲೂ ಪಟಾಕಿ ಹೊಡೆದರು. ಆ ಸ್ಪರ್ಧೆಯ ರೈಫಲ್ ಆಟಗಾರನ ಕೆನ್ನೆ, ಭುಜ, ಅಂಗೈಗೆ ಕೂದಲೆಳೆಯಷ್ಟು ಹೊಂದಬೇಕು. ಮುಂದಿನ ಸ್ವಪ್ನಿಲ್ ಧಾರವಾಡದವನೋ ಹಾಸನದವನೋ ಆದರೆ ಅವನ ಕೋವಿಯ ಕುದುರೆ ಕೆಟ್ಟಾಗ ಎಲ್ಲಿಗೆ ಹೋಗಬೇಕು, ಜರ್ಮನಿಗೇ?

ತಪ್ಪು ನಮ್ಮದೂ ಇದೆ. ಚಿಕ್ಕಪ್ಪ ಆ ಅಂಗಡಿಯನ್ನು ಆರಿಸಿದ್ದಕ್ಕೆ ಕಾರಣ, ಬೇರೆ ಕಡೆ ಹೇಳಿದ್ದಕ್ಕಿಂತ ಮೂರು ಸಾವಿರ ಕಡಿಮೆ. ಆ ಬೇರೆಯವರು ಯಾರು ಎಂದು ಈಚೆಗೆ ಹುಡುಕಿಕೊಂಡು ಹೋದೆ. ಸೇನೆಯ ಇಎಂಇಯಲ್ಲಿ ಆರ್ಮರರ್ ಆಗಿದ್ದು ನಿವೃತ್ತರಾದ ಹಿರಿಯರು, ಲೈಸೆನ್ಸ್ ಇರುವ ಸಣ್ಣ ಅಂಗಡಿಯೊಂದರಲ್ಲಿ ವಾರಕ್ಕೆ ಎರಡು ದಿನ ಕೂರುತ್ತಾರೆ. ಮೊದಲು ಮೂಲ ಲೈಸೆನ್ಸ್ ಕೇಳಿದರು. ಕೋವಿ ಖಾಲಿ ಇದೆಯೇ ಎಂದು ತಾವೇ ಎರಡು ಸಲ ನೋಡಿದರು. ಆಮೇಲೆ ಹರಿದ ಹಿತ್ತಾಳೆ ಇದೆಯೇ ಎಂದು ಕೇಳಿದರು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಪೆಟ್ಟಿಗೆಯಿಂದ ಗೇಜು ತೆಗೆದರು. ಮುಚ್ಚಬಾರದ ಗೇಜಿನ ಮೇಲೆ ನಮ್ಮ ಬೋಲ್ಟ್ ಬೆಣ್ಣೆಯ ಹಾಗೆ ಮುಚ್ಚಿಕೊಂಡಿತು.

ಸೇನೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ ಆರ್ಮರರ್ ಆಗಿದ್ದವರು ನಿವೃತ್ತರಾಗಿ ಊರಿಗೆ ಬಂದು ಸೆಕ್ಯುರಿಟಿ ಗಾರ್ಡ್ ಆಗುತ್ತಾರೆ. ಜಿಲ್ಲೆಗೊಬ್ಬರಂತೆ ಅವರಿಗೆ ರಿಪೇರಿ ಲೈಸೆನ್ಸ್ ಕೊಡಲು, ಅವರ ಕೆಳಗೆ ಇಬ್ಬರು ಹುಡುಗರನ್ನು ಕಲಿಯಲು ಬಿಡಲು, ಲೈಸೆನ್ಸ್ ನವೀಕರಣದ ಹೊತ್ತಿಗೆ ಕೋವಿಯನ್ನು ಗೇಜಿಗೆ ಹಾಕಿ ನೋಡಲು ಯಾವ ಕಮಿಟಿ ಬೇಕು? 1813ರಿಂದ ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ ಬಂದೂಕು ಪರೀಕ್ಷಿಸಿ ಮುದ್ರೆ ಒತ್ತುತ್ತಿದೆ. ಬ್ರಿಟಿಷರಿಂದ ಲೈಸೆನ್ಸಿನ ಭಯವನ್ನು ಮಾತ್ರ ಕಲಿತೆವು, ಮುದ್ರೆಯ ಮರ್ಯಾದೆಯನ್ನು ಕಲಿಯಲಿಲ್ಲ.

ಅಂದಹಾಗೆ, ಆ ಹಿರಿಯರು ನಮ್ಮ ಕೋವಿಯ ಕೆಲಸವನ್ನು ಒಪ್ಪಿಕೊಳ್ಳಲಿಲ್ಲ. 'ಇದರ ಮೈಗೇ ಪೆಟ್ಟು ಬಿದ್ದಿರಬಹುದು, ಕಾರ್ಖಾನೆಗೆ ಕಳಿಸಿ ಪರೀಕ್ಷೆ ಮಾಡಿಸದೆ ನಾನು ಕೈ ಹಾಕಲಾರೆ' ಎಂದರು. ನೋಡಿದ್ದಕ್ಕೆ ಹಣವನ್ನೂ ತೆಗೆದುಕೊಳ್ಳಲಿಲ್ಲ. ಚಿಕ್ಕಪ್ಪನಿಗೆ ಸಿಟ್ಟು ಬಂತು, ದಾರಿಯುದ್ದಕ್ಕೂ ಗೊಣಗಿದರು. ಈಗ ಪರೀಕ್ಷೆಯ ಅನುಮತಿಗೆ ಅರ್ಜಿ ಬರೆಯುತ್ತಿದ್ದೇವೆ. ಬೋಲ್ಟನ್ನು ಬಿಚ್ಚಿ ಬೇರೆ ಬೀರುವಿನಲ್ಲಿಟ್ಟು ಅದರ ಕೀಲಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟು ಬಂದಿದ್ದೇನೆ.