ಗೂಡ್ಸ್ ಶೆಡ್ಡುಗಳ ಕಾಲ ಮುಗಿದ ಮೇಲೆ ಬಂದ ರೈಲು

ಬೆಂಗಳೂರಿನ ಮೆಜೆಸ್ಟಿಕ್ ಸಮೀಪದ ಗೂಡ್ಸ್ ಶೆಡ್ ರಸ್ತೆಯ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಸರಕು ಮಾತ್ರ ವೈಟ್‌ಫೀಲ್ಡ್‌ನ ಸ್ಯಾಟಲೈಟ್ ಟರ್ಮಿನಲ್‌ನಂತಹ ಹೊರವಲಯದ ಯಾರ್ಡುಗಳಿಗೆ ಹೋಗಿದೆ. ಬೀದರ್ ಜಿಲ್ಲೆಯ ಕಥೆ ಇದಕ್ಕೆ ತದ್ವಿರುದ್ಧ. ಹುಮನಾಬಾದ್ ಮೂಲಕ ಹಾದುಹೋಗುವ 110 ಕಿ.ಮೀ. ಉದ್ದದ ಬೀದರ್–ಕಲಬುರಗಿ ಮಾರ್ಗ ಮಂಜೂರಾದದ್ದು 1990ರ ದಶಕದಲ್ಲಿ. ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣಕ್ಕೆ ಇನ್ನೂ ಹಳಿಯೇ ಇಲ್ಲ. ಆ ಕೊರತೆಯನ್ನು ತುಂಬಿದ್ದು ಲಾರಿ. ಪುಣೆ–ಹೈದರಾಬಾದ್ ಹೆದ್ದಾರಿಯೇ ಈ ಭಾಗದ ಯಾರ್ಡು.

ನಗರಗಳ ಗೂಡ್ಸ್ ಶೆಡ್ಡುಗಳು ಸೊರಗಿದ್ದೇಕೆ? ಲಾರಿ ಬಂದದ್ದರಿಂದ ಎಂಬ ಉತ್ತರ ಅರ್ಧಸತ್ಯ. ಹಿಂದೆ ಅಡತ್ ವ್ಯಾಪಾರಿಯೊಬ್ಬ ಒಂದೇ ಒಂದು ವ್ಯಾಗನ್ ಕಾಯ್ದಿರಿಸಿ ಮಾಲು ಕಳುಹಿಸಬಹುದಿತ್ತು. ಆ ವ್ಯಾಗನ್ ಯಾರ್ಡಿನಿಂದ ಯಾರ್ಡಿಗೆ ಜೋಡಣೆಯಾಗುತ್ತ ಊರು ತಲುಪುವಾಗ ವಾರಗಳೇ ಕಳೆಯುತ್ತಿದ್ದವು. ಇದರಿಂದ ಬೇಸತ್ತ ರೈಲ್ವೆ 1980ರ ದಶಕದಿಂದ ಪೂರ್ಣ ರೇಕ್ ಪದ್ಧತಿಗೆ ಹೊರಳಿತು. ರೈಲ್ವೆಯ ದಕ್ಷತೆ ಹೆಚ್ಚಿತು, ನಿಜ. ಆದರೆ ಸಣ್ಣ ವ್ಯಾಪಾರಿಗೆ ರೈಲಿನ ಬಾಗಿಲು ಮುಚ್ಚಿತು. ಸ್ವಾತಂತ್ರ್ಯದ ಹೊಸತರಲ್ಲಿ ದೇಶದ ಸರಕು ಸಾಗಣೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ರೈಲಿನದಾಗಿತ್ತು. ಈಗ ಮೂರನೆಯ ಒಂದು ಪಾಲೂ ಇಲ್ಲ. ಅದನ್ನು 2030ರೊಳಗೆ ಶೇ 45ಕ್ಕೆ ಏರಿಸುವುದು ರಾಷ್ಟ್ರೀಯ ರೈಲು ಯೋಜನೆಯ ಗುರಿ.

ಪಾಳುಬಿದ್ದ ಯಾರ್ಡುಗಳಿಗೆ ಮರುಜೀವ ನೀಡುವ ಮಾತು ಬಂದಾಗಲೆಲ್ಲ ಲಂಡನ್ನಿನ ಕಿಂಗ್ಸ್ ಕ್ರಾಸ್ ಉದಾಹರಣೆ ಕೇಳಿಬರುತ್ತದೆ. ಅಲ್ಲಿ 1852ರ ಧಾನ್ಯದ ಉಗ್ರಾಣಕ್ಕೆ 2011ರಲ್ಲಿ ಕಲಾ ಕಾಲೇಜು ಬಂತು. ಕಲ್ಲಿದ್ದಲು ಇಳಿಸುತ್ತಿದ್ದ ಕಟ್ಟಡಗಳು 2018ರಲ್ಲಿ ಅಂಗಡಿಗಳಾದವು. ನೋಡಲು ಸೊಗಸೇನೋ ಹೌದು. ಆದರೆ ತೊಗರಿ, ಕಡಲೆ, ಸೋಯಾ ಬೆಳೆಯುವ ನೆಲಕ್ಕೆ ಬೇಕಾದದ್ದು ಉಗ್ರಾಣದಲ್ಲಿ ಅಂಗಡಿಯಲ್ಲ, ಉಗ್ರಾಣವೇ.

ಲೆಕ್ಕ ಸರಳ. ಒಂದು ಪೂರ್ಣ ರೇಕ್ ಎಂದರೆ ಸುಮಾರು 42 ವ್ಯಾಗನ್, 2,600 ಟನ್ ಮಾಲು. ಹದಿನಾರು ಟನ್ ಹೊರುವ ಲಾರಿಗಳಾದರೆ ನೂರರವತ್ತು ಬೇಕು. ಇಷ್ಟು ಮಾಲನ್ನು ಒಬ್ಬ ವ್ಯಾಪಾರಿ ಕೂಡಿಹಾಕಲಾರ. ನಿಲ್ದಾಣದ ಮಗ್ಗುಲಲ್ಲೇ ಗೋದಾಮು, ತೂಕದ ಸೇತುವೆ, ಮಳೆಯಲ್ಲೂ ಲಾರಿ ಹೂತುಹೋಗದ ರಸ್ತೆ ಇದ್ದರೆ ಹತ್ತಾರು ವ್ಯಾಪಾರಿಗಳ, ರೈತ ಸಂಘಗಳ ಮಾಲು ಸೇರಿ ಒಂದು ರೇಕ್ ಆದೀತು. 2021ರ ಗತಿಶಕ್ತಿ ಕಾರ್ಗೋ ಟರ್ಮಿನಲ್ ನೀತಿಯಲ್ಲಿ ಇದಕ್ಕೆ ಅವಕಾಶವಿದೆ. 2022ರ ಭೂ ನೀತಿಯಂತೆ ಇಂತಹ ಟರ್ಮಿನಲ್‌ಗಳಿಗೆ ರೈಲ್ವೆ ಜಮೀನನ್ನು 35 ವರ್ಷಗಳವರೆಗೆ, ವರ್ಷಕ್ಕೆ ಭೂಮೌಲ್ಯದ ಶೇ 1.5ರ ದರದಲ್ಲಿ ಗುತ್ತಿಗೆಗೆ ಕೊಡಬಹುದು.

ರೈಲು ಬಂದರೆ ಲಾರಿಗಳ ಅನ್ನಕ್ಕೆ ಕಲ್ಲು ಬೀಳುತ್ತದೆಂಬ ಅಳುಕು ಬಸವಕಲ್ಯಾಣದಲ್ಲಿ ಮೂಡಿದರೆ ಅದು ಸಹಜವೇ. ಸಾಲ ಮಾಡಿ ಒಂದೇ ಲಾರಿ ಕೊಂಡವನಿಗೆ ಅಂಕಿಅಂಶಗಳ ಸಮಾಧಾನ ಸಾಲದು. ಆದರೆ ಹೈದರಾಬಾದಿನಂತಹ ಹತ್ತಿರದ ಬಾಡಿಗೆಯನ್ನು ರೈಲು ಕಸಿಯಲಾರದು. ಅದು ಗೆಲ್ಲುವುದು ದೆಹಲಿ, ಬಂಗಾಳ, ಅಸ್ಸಾಮಿನಂತಹ ದೂರದ ಹಾದಿಯಲ್ಲಿ. ಆಗಲೂ ಹೊಲದಿಂದ ಹುಮನಾಬಾದಿನ ಹಳಿಯವರೆಗೆ ಲಾರಿಯೇ ಬೇಕು. ಈ ಬಾಡಿಗೆ ಊರಿನವರಿಗೇ ಸಿಗುವಂತೆ ಟರ್ಮಿನಲ್ಲಿನ ಗುತ್ತಿಗೆ ಕರಾರಿನಲ್ಲೇ ಷರತ್ತು ಬರೆಯಬೇಕು. ನಿಲ್ದಾಣದ ಸುತ್ತಲಿನ ಹೊಲಗಳು ನಿವೇಶನಗಳಾಗಿ ಮಾರಾಟವಾದ ಮೇಲೆ ಗೋದಾಮಿಗೆ ಜಾಗ ಹುಡುಕಿ ಫಲವಿಲ್ಲ.